ಕತ್ತಿವರಸೆಯ ಸಿನಿಮಾದಲ್ಲಿ ಅವ್ವ

ಅವ್ವನ ಒಂದು ಫೋಟೋವೂ ನಮ್ಮಲ್ಲಿಲ್ಲ. ಅವಳು ತೀರಿಕೊಂಡಾಗ ನಾನು ಮೂರನೇ ತರಗತಿ. ಮತದಾರರ ಗುರುತಿನ ಚೀಟಿಯ ಕಾಲ ಇನ್ನೂ ಬಂದಿರಲಿಲ್ಲ. ಕುರಿ ಕಾಯುವ ಮನೆಯ ಹೆಂಗಸು ಫೋಟೋ ಸ್ಟುಡಿಯೋ ಮೆಟ್ಟಿಲು ಹತ್ತಲು ಬೇರೆ ಕಾರಣವೂ ಇರಲಿಲ್ಲ. ಅವಳ ಮುಖ ಎಲ್ಲಾದರೂ ಉಳಿದಿದ್ದರೆ ಅದು ಒಂದು ಹಳೆಯ ಸಿನಿಮಾದಲ್ಲಿ ಮಾತ್ರ ಎಂದು ಅಕ್ಕನೂ ನಾನೂ ನಂಬಿಕೊಂಡು ಬಂದಿದ್ದೆವು.

ಆ ಸಿನಿಮಾವನ್ನು ಯಾರೋ ಇಂಟರ್ನೆಟ್ಟಿಗೆ ಹಾಕಿದ್ದು ಈಚೆಗೆ ಕಣ್ಣಿಗೆ ಬಿತ್ತು. ನಾನು ತೆರೆಯಲಿಲ್ಲ. ಅಕ್ಕನ ಜೊತೆಯಲ್ಲೇ ನೋಡಬೇಕು ಎಂದು ನನಗೆ ನಾನು ಹೇಳಿಕೊಂಡೆ. ಅದು ಪೂರ್ತಿ ನಿಜವೇ ಎಂದು ಈಗ ಕೇಳಿಕೊಂಡರೆ, ಅಲ್ಲ. ಹೆದರಿಕೆಯೂ ಇತ್ತು. ಆದರೆ ತಡಮಾಡುವಂತಿರಲಿಲ್ಲ. ಅಕ್ಕನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಒಂದು ಕಣ್ಣು ಆಗಲೇ ಹೋಗಿದೆ, ಇನ್ನೊಂದು ಇವತ್ತೋ ನಾಳೆಯೋ ಎನ್ನುವಂತಿದೆ. "ಅಷ್ಟರೊಳಗೆ ಅವ್ವನ್ನ ಒಂದ್ಸಲ ತೋರ್ಸಿಬಿಡೋ ತಮ್ಮ. ಕಣ್ಣು ಮಸುಕಾದಂಗೆ ಅವಳ ಮುಖನೂ ಮಸುಕಾಗ್ತೈತೆ," ಎಂದಿದ್ದಳು ಫೋನಿನಲ್ಲಿ. ಭಾನುವಾರ ಲ್ಯಾಪ್‌ಟಾಪ್ ಹಿಡಿದು ಚಿತ್ರದುರ್ಗದಿಂದ ಹಿರಿಯೂರಿನ ಬಸ್ಸು ಹತ್ತಿದೆ. ಅಲ್ಲಿಂದ ಆಟೋದಲ್ಲಿ ಆದಿವಾಲ, ಅಕ್ಕನ ಮನೆ.

ಸಿನಿಮಾದ ಕಥೆ ಇಷ್ಟು. ದಳವಾಯಿ ಕೋಟೆಯ ಬಾಗಿಲು ತೆಗೆದು ಶತ್ರುವಿನ ದಂಡನ್ನು ಒಳಗೆ ಬಿಡುತ್ತಾನೆ. ನಂಬಿದ ನಾಯಕ ಸಾಯುತ್ತಾನೆ. ಕಾಡಿನಲ್ಲಿ ಬೆಳೆದ ಅವನ ಮಗ ಮುಂದೆ ಹಗ್ಗ ಹಿಡಿದು ಬುರುಜಿನಿಂದ ಬುರುಜಿಗೆ ಹಾರಿ, ಕತ್ತಿ ಬೀಸಿ, ಸೇಡು ತೀರಿಸುತ್ತಾನೆ. ನಮ್ಮ ಮನೆಗೂ ಇದಕ್ಕೂ ನಂಟು ಬಂದದ್ದು ಧೂಳಿನಿಂದ. ಸಿನಿಮಾದವರ ಹತ್ತಿರ ಬೇಕಾದಷ್ಟು ಕುದುರೆ ಇರಲಿಲ್ಲವಂತೆ. ದೂರದಲ್ಲಿ ದಂಡು ಬರುವ ಧೂಳೆಬ್ಬಿಸಲು ಕೋಟೆಯ ಹಿಂದಿನ ಬಯಲಿನಲ್ಲಿ ನಮ್ಮ ಕುರಿಮಂದೆಯನ್ನು ಓಡಿಸಿದರು. ಮಂದೆಯ ಹಿಂದಿದ್ದ ಚಿಕ್ಕಪ್ಪನ ಮೈಕಟ್ಟು ನೋಡಿ ಅವನನ್ನು ಸತ್ತ ನಾಯಕನ ಬದಲಿಗೆ ಬಂಡೆಯ ಮೇಲೆ ಮಲಗಿಸಿದರು. ಬುತ್ತಿ ತಂದ ಅವ್ವನನ್ನು ಹೆಣದ ಸುತ್ತ ಅಳುವ ಹೆಂಗಸರ ಜೊತೆ ಕೂರಿಸಿದರು.

ಸಿನಿಮಾ ಬಂದದ್ದು ಅವ್ವ ಸತ್ತ ಮೇಲೆ. ನನಗೆ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೆ: ದುರ್ಗದ ಟಾಕೀಸಿನಲ್ಲಿ ಬೆಂಚಿನ ಮೇಲೆ ನಿಂತಿದ್ದೇನೆ, ಪರದೆಯ ತುಂಬ ಅವ್ವನ ಮುಖ, ಕೆನ್ನೆಯಿಂದ ಇಳಿದ ನೀರು ಮೂಗುಬೊಟ್ಟಿನ ಹತ್ತಿರ ನಿಂತು ಹೊಳೆಯುತ್ತದೆ. ಲ್ಯಾಪ್‌ಟಾಪ್ ತೆರೆಯುತ್ತ ಅದನ್ನೇ ಹೇಳಿದೆ.

"ಯಾವ ಟಾಕೀಸೋ?" ಎಂದಳು ಅಕ್ಕ. "ನಾವ್ಯಾರೂ ಹೋಗೇ ಇಲ್ಲ. ಚಿಕ್ಕಪ್ಪ ಒಬ್ನೇ ನೋಡ್ಕಂಡು ಬಂದಿದ್ದು. ನಾವು ಅತ್ತು ಕರೆದು ಹೊರಡೋ ಹೊತ್ಗೆ, ಟಾಕೀಸಿಂದ ಸಿನಿಮಾ ತೆಗೆದ್ಬಿಟ್ರು ಅಂದ. 'ನಿಮ್ಮವ್ವನ ಮುಖ ಪರದೆ ತುಂಬಾ ಐತೆ ಕಣ್ರಲೇ' ಅಂತ ಹೇಳ್ತಾನೇ ಇದ್ದ. ಮೂಗುಬೊಟ್ಟಿನ ಕತೆನೂ ಅವಂದೇ."

ಬೆಂಚಿನ ಒರಟು ಹಲಗೆ ಅಂಗಾಲಿಗೆ ಒತ್ತಿದ್ದು ಕೂಡ ನನಗೆ ನೆನಪಿತ್ತಲ್ಲ.

ಸಿನಿಮಾ ಓಡುತ್ತಿತ್ತು. ಅಕ್ಕ ಪರದೆಗಿಂತ ಹೆಚ್ಚಾಗಿ ಆ ದಿನವನ್ನು ನೋಡುತ್ತಿದ್ದಳು. ಅವತ್ತು ಅವಳೂ ಬುತ್ತಿಯ ಜೊತೆ ಹೋಗಿದ್ದಳು. ನಮ್ಮ ಕಡೆ ಹೆಂಗಸರು ಸತ್ತವರ ಗುಣವನ್ನು ಹಾಡಿ ಹೇಳಿಕೊಂಡು ಅಳುತ್ತಾರೆ. ಅವ್ವನಿಗೆ ಅದು ಚೆನ್ನಾಗಿ ಬರುತ್ತಿತ್ತು. ಆದರೆ ಅವತ್ತು ಅಳಲು ಒಪ್ಪಲಿಲ್ಲವಂತೆ.

"'ಉಸಿರಾಡೋ ಮನುಷ್ಯನ ಮುಂದೆ ಹಾಡ್ಕಂಡು ಅಳಾಕಾಗಲ್ಲ, ಅವನಿಗೆ ಒಳ್ಳೇದಾಗಲ್ಲ' ಅಂತ ಕುಂತ್ಬಿಟ್ಲು. ಸಿನಿಮಾದ ಆ ಪ್ಯಾಂಟಿನವನು, 'ಇದು ಆಕ್ಟಿಂಗಮ್ಮ, ಅಳ್ರಿ' ಅಂತಾನೆ. ಬಂಡೆ ಕಾದು ಕೆಂಡ. ಚಿಕ್ಕಪ್ಪ ಮಲಗಿದ್ದಲ್ಲೇ, 'ಅತ್ಗೆಮ್ಮ, ಬೇಗ ಅಳು, ಬೆನ್ನು ಸುಡ್ತೈತೆ' ಅಂದ. 'ಹೆಣ ಮಾತಾಡ್ತೈತೇನ್ಲೇ? ಸುಮ್ನೆ ಬಿದ್ಕ' ಅಂದ್ಲು ಅವ್ವ. ಎಲ್ರೂ ನಕ್ಕಿದ್ದೇ ನಕ್ಕಿದ್ದು."

"ಆಮೇಲೆ?"

"ಆಮೇಲೆ ಚಿಕ್ಕಪ್ಪಂಗೆ ಬೆನ್ನು ಹಾಕಿ, ಬಯಲ ಕಡೆ ತಿರುಗಿ ಕುಂತ್ಲು. ನಿನಗಿಂತ ಮುಂಚೆ ಒಂದು ಕೂಸು ಹುಟ್ಟಿ ಸತ್ತಿತ್ತಲ್ಲ, ಅದನ್ನ ನೆನೆಸ್ಕಂಡು ಅತ್ಲು. ಆಗ ಯಾರೂ ನಗ್ಲಿಲ್ಲ."

ಅಷ್ಟರಲ್ಲಿ ಧೂಳು ಎದ್ದಿತು. ಒಂದು ಕುದುರೆಯೂ ಕಾಣದ, ಬರೀ ಕುರಿಗಳ ಧೂಳು. ಬಾಗಿಲು ತೆರೆಯಿತು, ಕತ್ತಿಗಳು ಕಣಕಣಿಸಿದವು, ನಾಯಕ ಬಿದ್ದ. ನಂತರ ಬಂಡೆ. ಚಿಕ್ಕಪ್ಪನ ಪಾದಗಳಷ್ಟೇ ಚೌಕಟ್ಟಿನೊಳಗಿದ್ದವು. ಸುತ್ತ ಎದೆ ಬಡಿದುಕೊಳ್ಳುವ ಹೆಂಗಸರು, ಎಲ್ಲರ ಮುಖವೂ ಹೆಣದ ಕಡೆಗೆ. ಬಲಗಡೆಯ ಅಂಚಿನಲ್ಲಿ ಒಬ್ಬಳು ಮಾತ್ರ ಹೆಣಕ್ಕೂ ನಮಗೂ ಬೆನ್ನು ಕೊಟ್ಟು ಕೂತಿದ್ದಳು. ತಲೆಯ ಮೇಲೆ ಸೆರಗು, ಅಲುಗುವ ಭುಜ. ಅವಳ ದನಿಯೂ ಇಲ್ಲ. ಅದರ ಮೇಲೆ ಪಿಟೀಲು ತುಂಬಿಸಿದ್ದರು. ಕ್ಷಣದಲ್ಲಿ ದೃಶ್ಯ ಬದಲಾಯಿತು.

ಹಿಂದಕ್ಕೆ ಓಡಿಸಿ ಅಲ್ಲೇ ನಿಲ್ಲಿಸಿದೆ.

"ಬಂದ್ಲಾ?" ಅಕ್ಕ ಕೇಳಿದಳು. "ಮುಖ ಕಾಣ್ತೈತಾ?"

ಪರದೆ ತುಂಬಾ ಐತೆ ಎಂಬ ಚಿಕ್ಕಪ್ಪನ ಮಾತು ನಾಲಿಗೆಯ ತುದಿಯಲ್ಲಿತ್ತು. ಅವನು ಯಾಕೆ ಹಾಗೆ ಹೇಳಿದ್ದ, ಸಿನಿಮಾ ತೆಗೆದುಬಿಟ್ಟರು ಎಂದು ನಮ್ಮನ್ನು ಯಾಕೆ ತಡೆದಿದ್ದ ಎಂಬುದು ಆಗ ತಿಳಿಯಿತು. ತಿಳಿಯಿತು ಅಂದುಕೊಂಡೆ ಎನ್ನುವುದೇ ಸರಿ. ಕೇಳಲು ಅವನೂ ಈಗಿಲ್ಲ.

"ಇಲ್ಲ ಅಕ್ಕ. ಬೆನ್ನು ಕಾಣ್ತಿದೆ."

ಅವಳು ಮುಂದೆ ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಮುಖ ತಂದು, ತುಂಬಾ ಹೊತ್ತು ನೋಡಿದಳು. "ಬಿಳೇದೊಂದು ಕಾಣ್ತೈತೆ."

"ಅದೇ ಸೆರಗು."

"ಹಂಗಾರೆ ಅವಳೇ," ಎಂದು ಹಿಂದಕ್ಕೆ ಸರಿದಳು. "ಹಠಮಾರಿ. ಇಷ್ಟು ವರ್ಷ ಆದ್ರೂ ತಿರುಗ್ಲಿಲ್ಲ ನೋಡು." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಾಕು ಮುಂದಕ್ಕೆ. ಆ ದಳವಾಯಿ ಸಾಯೋದಾದ್ರೂ ಕೇಳಾಣ."

ಕೇಳಿದೆವು. ಮಗ ಹಾರಿದ, ಕೂಗಿದ, ಕತ್ತಿ ನೆಟ್ಟ. ಕಹಳೆ ಮೊಳಗಿ ಸಿನಿಮಾ ಮುಗಿಯಿತು.

"ದಳವಾಯಿಗೆ ಯಾರೂ ಅಳ್ಲಿಲ್ವಾ?"

"ಇಲ್ಲ."

ಅಕ್ಕ ಗೋಡೆಗೊರಗಿದಳು. ಹೊರಗೆ ಹೆದ್ದಾರಿಯ ಲಾರಿಗಳ ಸದ್ದು. "ನೀನಾದ್ರೂ ಹೇಳೋ ತಮ್ಮ, ಹೆಂಗಿದ್ಲು ಅವ್ವ? ನಿಂಗೆ ನೆನಪೈತಲ್ಲ," ಎಂದಳು.

ಕಣ್ಣು ಮುಚ್ಚಿಕೊಂಡೆ. ಪರದೆ, ಬೆಂಚು, ಮೂಗುಬೊಟ್ಟು, ಅದರ ಪಕ್ಕದ ಹನಿ ಒಂದೊಂದಾಗಿ ಬಂದವು. ಎಲ್ಲವೂ ಚಿಕ್ಕಪ್ಪ ಹೇಳಿದ್ದು. ಅವನ್ನು ಆಚೆ ಸರಿಸಿ ನೋಡಿದರೆ ಉಳಿದದ್ದು ಈಗ ತಾನೇ ಕಂಡ ಬೆನ್ನು. ಅಕ್ಕ ಕಾಯುತ್ತಿದ್ದಳು. ಅವಳ ಮುಖದಿಂದ ಏನಾದರೂ ಅವ್ವನ ಮುಖಕ್ಕೆ ಹಿಂದಿರುಗಬಹುದೇ ಎಂದು ಕಣ್ಣು ತೆರೆದು ಅವಳನ್ನೇ ನೋಡುತ್ತ ಕೂತೆ.