ಧೂಳೆಂದು ಅಳಿಸಿದ ಮೂಗುಬೊಟ್ಟು

ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಧೂಳು ಕೂತದ್ದು ನನಗೆ ಗೊತ್ತಿತ್ತು. ಸಂಪಾಜೆಯಲ್ಲಿ ಲಾರಿಗಳ ಧೂಳಿನ ನಡುವೆ, ರಸ್ತೆಬದಿಯಲ್ಲೇ ನಿಂತು ಲೆನ್ಸ್ ಬದಲಿಸಿದವನು ನಾನೇ. ಅಲ್ಲಿಂದಾಚೆ ಪ್ರತಿ ಫೋಟೋದಲ್ಲೂ ಬಲಗಡೆ ಮೇಲೆ, ಅದೇ ಜಾಗದಲ್ಲಿ, ಎಳ್ಳಿನಷ್ಟು ಕಪ್ಪು ಚುಕ್ಕೆ. ಕ್ಲೀನ್ ಮಾಡಲು ಸೋಮಾರಿತನ. ಒಂದು ಫೋಟೋದಲ್ಲಿ ಚುಕ್ಕೆ ಅಳಿಸಿದರೆ ಉಳಿದ ಎಲ್ಲದರಲ್ಲೂ ಅದೇ ಜಾಗವನ್ನು ಕಂಪ್ಯೂಟರ್ ತಾನೇ ಅಳಿಸುತ್ತದೆ. ದರ್ಬೆಯ ನನ್ನ ಸ್ಟುಡಿಯೋದಲ್ಲಿ ಒಂದು ಚಹಾ ಮುಗಿಯುವಷ್ಟರಲ್ಲಿ ಎಲ್ಲ ಫೋಟೋ ಕ್ಲೀನ್ ಆದವು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವುಗಳಲ್ಲಿ ಕೊಲ್ಲಮೊಗ್ರು ಊರಿನ ಗಿರಾಕಿ ಅಜ್ಜ ಅಜ್ಜಿಯದ್ದೂ ಒಂದು. ಮದುವೆಯಾಗಿ ಐವತ್ತು ವರ್ಷವಾಯಿತೆಂದು ತೆಗೆಸಿಕೊಂಡದ್ದು. ದೊಡ್ಡದು ಮಾಡಿ, ಫ್ರೇಮ್ ಹಾಕಿಸಿ ಕಳುಹಿಸಿದೆ. ಮರುದಿನ ಅಜ್ಜಿಯ ಫೋನ್.

"ನನ್ನ ಮೂಗುಬೊಟ್ಟು ಎಲ್ಲಿ ಹೋಯ್ತು ಮಾರಾಯ್ರೆ?"

ನನಗೆ ಕೋಪ ಮೂಗಿನ ತುದಿಯಲ್ಲೇ. "ನೀವು ಹಾಕದೆ ಬಂದ್ರೆ ನಾನೆಂತ ಮಾಡುದು?" ಎಂದುಬಿಟ್ಟೆ.



"ಮದುವೆ ಆದಮೇಲೆ ಒಂದು ದಿನವೂ ತೆಗೆದವಳಲ್ಲ ನಾನು. ಸೋಮವಾರ ಇವರಿಗೆ ಹಾರ್ಟಿನ ಆಪರೇಶನ್ ಉಂಟು. ಇಂಥ ಫೋಟೋ ಮನೆಯಲ್ಲಿ ಹೇಗೆ ಹಾಕುದು?"

ಫೋಟೋ ತೆರೆದು ನೋಡಿದೆ. ಚುಕ್ಕೆ ಬೀಳುವ ಜಾಗದಲ್ಲೇ ಅಜ್ಜಿಯ ಮೂಗಿತ್ತು. ಧೂಳಿನ ಜೊತೆ ಬೊಟ್ಟೂ ಹೋಗಿ, ಅಲ್ಲಿ ಬರೀ ನುಣುಪು ಚರ್ಮ ಉಳಿದಿತ್ತು. ಅಪ್ಪ ತೀರಿಕೊಂಡ ದಿನ ನನ್ನ ಅಮ್ಮನ ಮೂಗಿನಿಂದ ಬೊಟ್ಟು ತೆಗೆಯುವಾಗ ಎದುರಲ್ಲೇ ನಿಂತಿದ್ದವನು ನಾನು. ಅಂಥ ನನಗೇ ಇದು ಕಾಣಲಿಲ್ಲವಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದೆ.

ಮೊದಲು ಕ್ಯಾಮೆರಾ ಕೈಗೆತ್ತಿಕೊಂಡೆ. ತುಂಬಿದ ಬ್ಯಾಟರಿ ಹಾಕಿ, ಲೆನ್ಸ್ ಬಿಚ್ಚಿ, ಒಳಗಿನ ಕನ್ನಡಿಯನ್ನು ಮೇಲೆತ್ತಿಸಿ, ಬಾಯಿ ಕೆಳಗೆ ಮಾಡಿ ಹಿಡಿದು, ರಬ್ಬರ್ ಬಲ್ಬಿನಿಂದ ನಾಲ್ಕು ಸಲ ಗಾಳಿ ಹೊಡೆದೆ. ಬಿಳಿ ಗೋಡೆಯ ಫೋಟೋ ತೆಗೆದು ನೋಡಿದರೆ ಚುಕ್ಕೆ ಇಲ್ಲ. ಐದು ನಿಮಿಷದ ಕೆಲಸ.

ಭಾನುವಾರ, ಅಳಿಸುವ ಮೊದಲಿನ ಫೋಟೋದಿಂದ ಹೊಸದಾಗಿ ತೆಗೆದ, ಮೂಗುಬೊಟ್ಟು ಇರುವ ಪ್ರಿಂಟ್ ಹಿಡಿದು ಕೊಲ್ಲಮೊಗ್ರಿಗೆ ಹೋದೆ. ತಪ್ಪಾಯಿತು ಎಂದೆ. ಅಜ್ಜ ಎರಡೂ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

"ನನಗೆ ಎರಡೂ ಒಂದೇ ಕಾಣ್ತದೆ."

"ಹಾಗಾದ್ರೆ ಐವತ್ತು ವರ್ಷ ನೀವು ನೋಡಿದ್ದೆಂತ?" ಅಜ್ಜಿ ಗದರಿದರು. ನನಗೆ ಬೀಳಬೇಕಾದ ಬೈಗುಳ ಅಜ್ಜನಿಗೆ ಬಿತ್ತು. ಊಟ ಮಾಡದೆ ಹೋಗಲು ಬಿಡಲಿಲ್ಲ.

ಸೋಮವಾರವಿಡೀ ನನಗೆ ಕೆಲಸ ಓಡಲಿಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ಅಜ್ಜಿ ಆ ಫೋಟೋವನ್ನೇ ನೆನೆಯುತ್ತಾರೆ ಎಂಬ ಹೆದರಿಕೆ. ಮಂಗಳವಾರ ಸಂಜೆ ಫೋನ್ ಬಂತು. ಅಜ್ಜಿ ಅಳುತ್ತಿದ್ದರು.

"ಇವರು ಕಣ್ಣು ಬಿಟ್ರು ಮಾರಾಯ್ರೆ," ಎಂದರು. "ನನ್ನ ಮುಖವನ್ನೇ ನೋಡಿದ್ರು. ನೋಡಿ, ‘ಬೊಟ್ಟು ಉಂಟಲ್ಲಾ’ ಅಂದ್ರು."