ಡಬ್ಬಿಯಲ್ಲಿದ್ದ ಸೋಬಾನೆ

ಹೋದ ವಾರ ಒಂದೇ ಒಂದು ಬಟನ್ ಒತ್ತಿ ನನ್ನ ಹೆಂಡತಿಯ ಚಿಕ್ಕಮ್ಮನ ಬಾಯಿ ಮುಚ್ಚಿಸಿಬಿಟ್ಟೆ. ನಗಬೇಡಿ. ಇದು ತಪ್ಪೊಪ್ಪಿಗೆ.

ನಮ್ಮ ಆನೇಮಹಲ್ ಮನೆಯಲ್ಲಿ ಸೊಸೆ ಕಾವ್ಯ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಿದ್ದಾಳೆ. ನೋಡಲು ಒಂದು ಕಪ್ಪು ಡಬ್ಬಿ, ಅಷ್ಟೆ. ಅದರಲ್ಲಿಟ್ಟ ಫೋಲ್ಡರ್‌ಗಳು ಮನೆಯವರೆಲ್ಲರ ಫೋನು, ಲ್ಯಾಪ್‌ಟಾಪಿನಲ್ಲಿ ತೆರೆಯುತ್ತವೆ.

"ಮಾವ, ಹಾಕೋಕೆ, ಅಳಿಸೋಕೆ ಎಲ್ರಿಗೂ ಪರ್ಮಿಷನ್ ಕೊಟ್ಬುಡ್ಲಾ?" ಎಂದಳು.

"ಬ್ಯಾಡ. ನಂಗೊಬ್ಬನಿಗೆ ಸಾಕು. ಮಿಕ್ಕೋರು ನೋಡ್ಕೊಳ್ಲಿ."

ಎಸ್ಟೇಟಿನಲ್ಲಿ ಲೆಕ್ಕ, ಸ್ಟೋರು ನೋಡಿಕೊಳ್ಳುವ ರೈಟರ್ ಆಗಿದ್ದವನು ನಾನು. ಸ್ಟೋರಿನ ಬೀಗದ ಕೈ ಒಬ್ಬನ ಸೊಂಟದಲ್ಲೇ ಇರಬೇಕು, ಇಲ್ಲದಿದ್ದರೆ ಗೊಬ್ಬರದ ಚೀಲಕ್ಕೆ ಕಾಲು ಬರುತ್ತದೆ. (ಮನೆ ಸ್ಟೋರಲ್ಲ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೇ?)

ಹೆಂಡತಿ ಸರೋಜ, ಹೊಂಗಡಹಳ್ಳದ ಚಿಕ್ಕಮ್ಮ ಹಾಡಿದ ಸೋಬಾನೆ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ನಮ್ಮ ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಹಾಡು ಹೇಳಿ ಚಪ್ಪರದ ಕಣ್ಣೆಲ್ಲ ಒದ್ದೆ ಮಾಡಿದ್ದು ಅದೇ ಚಿಕ್ಕಮ್ಮ. ಕಾವ್ಯ ಅವನ್ನೆಲ್ಲ ಸರ್ವರ್‌ಗೆ ಹಾಕಿದಳು. "ಇನ್ನು ಫೋನಲ್ಲಿರೋದನ್ನ ತೆಗೆದಾಕು, ಜಾಗ ಉಳೀತದೆ" ಎಂದವನು ನಾನು. "ನಿಮ್ಮ ಹಾಡು ನಮ್ಮ ಡಬ್ಬೀಲಿ ಭದ್ರ" ಎಂದು ಚಿಕ್ಕಮ್ಮನಿಗೆ ಫೋನ್ ಮಾಡಿ ಕೊಚ್ಚಿಕೊಂಡವನೂ ನಾನೇ.

ಹೋದ ವಾರ ಸರ್ವರ್ ಕ್ಲೀನ್ ಮಾಡಲು ಕೂತೆ. 'ನ್ಯೂ ರೆಕಾರ್ಡಿಂಗ್' ಎಂದು ಸಾಲಾಗಿ ಫೈಲುಗಳು. ಇಂಥ ಹೆಸರಿನದು ಕಸವಲ್ಲದೆ ಇನ್ನೇನು? ಡಿಲೀಟ್. ಏನೋ ಎಚ್ಚರಿಕೆ ಬಂತು, ಓದಲಿಲ್ಲ. ತಪ್ಪಾದರೆ ಕಸದ ಬುಟ್ಟಿಯಿಂದ ಹೆಕ್ಕಿದರಾಯಿತು! ಸಂಜೆ ಸರೋಜ ಚಿಕ್ಕಮ್ಮನ ಹಾಡು ಕೇಳಲು ಹೋದರೆ ಫೋಲ್ಡರ್ ಖಾಲಿ.

"ನೆಟ್‌ವರ್ಕ್ ಫೋಲ್ಡರಲ್ಲಿ ಡಿಲೀಟ್ ಮಾಡಿದ್ದು ಬುಟ್ಟಿಗೆ ಬೀಳಲ್ಲ ಮಾವ," ಎಂದಳು ಕಾವ್ಯ. ಏನೇನೋ ಮಾಡಿ ನೋಡಿದಳು. ಸಿಗಲಿಲ್ಲ.

ಸರೋಜ ರೇಗಲಿಲ್ಲ. "ಒಂದನ್ನಾದ್ರೂ ಹಾಕಿ ನೋಡಿದ್ರೇನ್ರೀ?" ಎಂದಳು.

ನೋಡಿರಲಿಲ್ಲ.

ಈಗ ಬೀಗದ ಕೈ ಅವಳ ಹತ್ತಿರ. ನನಗೆ ನೋಡಲು ಮಾತ್ರ ಅನುಮತಿ. ನಾನೇ ಕೇಳಿ ಹಾಕಿಸಿಕೊಂಡ ಶಿಕ್ಷೆ.

ಭಾನುವಾರ ಇಬ್ಬರೂ ಹೊಂಗಡಹಳ್ಳಕ್ಕೆ ಹೋದೆವು. "ಯಾಕೋ ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತು ಚಿಕ್ಕವ್ವ" ಎಂದಳು ಸರೋಜ. ನನ್ನ ಮಾನ ಉಳಿಸಿದಳು. ಚಿಕ್ಕಮ್ಮ ಎಲೆಅಡಿಕೆ ಉಗಿದು ಬಂದು, ಖುಷಿಯಿಂದ ಒಂದಾದ ಮೇಲೊಂದು ಹಾಡಿದರು. ನಾನು ಫೋನ್ ಹಿಡಿದು ಕೆಮ್ಮು ನುಂಗಿಕೊಂಡು ಕೂತಿದ್ದೆ. ಕೊನೆಗೆ ಸರೋಜ ಹೆಣ್ಣು ಒಪ್ಪಿಸುವ ಹಾಡು ಕೇಳಿದಳು. ಚಿಕ್ಕಮ್ಮ ಶುರು ಮಾಡಿದರು, ತಡೆದರು, ಮತ್ತೆ ಶುರು ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು.

"ಅದ್ಯಾಕೋ ಬಾಯಿಗೇ ಬರ್ತಿಲ್ಲ ಅಳಿಯಂದ್ರೆ. ಹೋಗ್ಲಿ ಬುಡಿ, ನಿಮ್ಮ ಡಬ್ಬೀಲಿ ಐತಲ್ಲ!"