ಫ್ರಿಜ್ಜಿನಲ್ಲಿಟ್ಟ ಉಪ್ಪಿಲ್ಲದ ಉಪ್ಪಿನಕಾಯಿ

ಫ್ರಿಜ್ಜು ಎಂದರೆ ನೀರು ತಣ್ಣಗೆ ಮಾಡುವ ಪೆಟ್ಟಿಗೆ ಎಂದಷ್ಟೇ ನಮ್ಮ ಬೀದಿಯವರು ತಿಳಿದಿದ್ದ ದಿನಗಳವು. ನಮ್ಮ ಮನೆಗೆ ಮಾತ್ರ ಅದು ಬಂದದ್ದು ಉಪ್ಪಿನಕಾಯಿಯ ಸಲುವಾಗಿ.

ಅಪ್ಪ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ದಾರಿಯುದ್ದಕ್ಕೂ ಗುರುತಿನವರು. ಮೇಳಿಗೆ ಕಡೆಯವರು ಕೊಟ್ಟ ಸೂಜಿಮೆಣಸು, ಹೊಸನಗರದವರು ಕೊಟ್ಟ ಮಾವಿನಮಿಡಿ ಎಲ್ಲ ಅವನ ಸೀಟಿನ ಹಿಂದೆ ಕೂತು ಮನೆಗೆ ಬರುತ್ತಿದ್ದವು. ಅಮ್ಮ ಭರಣಿ ತುಂಬುತ್ತಿದ್ದಳು. ಉಪ್ಪಿನಕಾಯಿಯಿಲ್ಲದೆ ಅಪ್ಪನಿಗೆ ಮಜ್ಜಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅಪ್ಪನ ಕಾಲು ಊದಿಕೊಂಡಿತು, ನಾಲ್ಕು ಹೆಜ್ಜೆಗೆ ಏದುಸಿರು. ಹೃದಯ ಸೋತಿದೆ, ಉಪ್ಪು ಮುಟ್ಟಬೇಡಿ ಎಂದರು ಡಾಕ್ಟರು. ಬಸ್ಸು ಬಿಟ್ಟದ್ದನ್ನು ಹೇಗೋ ಸಹಿಸಿದ, ಭರಣಿ ಬಿಟ್ಟದ್ದನ್ನು ಸಹಿಸಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದ. ದಿನದಿಂದ ದಿನಕ್ಕೆ ಸೊರಗಿದ.

"ಹಿಂಗೆ ಊಟ ಬಿಟ್ರೆ ಮದ್ದು ಎಂತ ಮಾಡ್ತದೆ?" ಎಂದು ಅಮ್ಮ ಯಾರಿಗೂ ಅಲ್ಲದಂತೆ ಕೇಳುತ್ತಿದ್ದಳು.

ಉಪ್ಪಿಲ್ಲದಿದ್ದರೆ ಉಪ್ಪಿನಕಾಯಿ ಕೆಡುತ್ತದೆ. ಅದಕ್ಕೇ ಬಸ್ಸಿನ ಮಾಲೀಕರ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಫ್ರಿಜ್ಜನ್ನು ಕೇಳಿ ತರಿಸಿದಳು. ಹುಳಿ ಮಾವಿನಕಾಯಿ ಸಣ್ಣಗೆ ಹೆಚ್ಚಿ, ಸೂಜಿಮೆಣಸು, ಸಾಸಿವೆ, ಶುಂಠಿ ಅರೆದು ಕಲೆಸಿದಳು. ಉಪ್ಪಿಲ್ಲದೆ ಹೋಳು ನೀರು ಬಿಡುವುದಿಲ್ಲವಲ್ಲ, ಅದಕ್ಕೆ ನಿಂಬೆರಸ. ಮೇಲೊಂದು ಇಂಗಿನ ಒಗ್ಗರಣೆ. ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಳು. ಖಾರದಲ್ಲಿ ನಾಲಿಗೆ ಉಪ್ಪನ್ನು ಮರೆಯಲಿ ಎಂಬ ಆಸೆ. ಅರೆದ ಕೈ ಸಂಜೆತನಕ ಉರಿಯುತ್ತಿತ್ತು, ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂರುತ್ತಿದ್ದಳು. ನಾವು ಮಕ್ಕಳು ಕದ್ದು ಮಾಡುತ್ತಿದ್ದ ಐಸಿಗೂ ಇಂಗಿನ ವಾಸನೆ.

"ಎಂತದೋ ಕಮ್ಮಿ," ಎಂದ ಅಪ್ಪ. ಆದರೂ ನಾಲ್ಕು ತುತ್ತು ಹೆಚ್ಚು ಹೋಯಿತು. ಆ ಬಾಟಲಿ ಅವನೊಬ್ಬನದು, ನಾವ್ಯಾರೂ ಮುಟ್ಟುತ್ತಿರಲಿಲ್ಲ.

ಅಪ್ಪನನ್ನು ನೋಡಲು ಅವನ ಅಕ್ಕ, ನಮ್ಮ ಅತ್ತೆ, ಹಿನ್ನೀರಿನಾಚೆಯ ತುಮರಿಯಿಂದ ಲಾಂಚು ಹತ್ತಿ ಬಂದು ಒಂದು ದಿನವಿದ್ದು ಹೋದಳು. ಅವಳು ಹೋದ ಮೇಲೆ ಅಪ್ಪನಿಗೆ ಹಸಿವೆ ಮರಳಿತು. ಎರಡನೇ ಸಲ ಅನ್ನ ಹಾಕಿಸಿಕೊಂಡ, ನನ್ನ ಜಡೆ ಎಳೆದು ತಮಾಷೆ ಮಾಡಿದ. ಅಕ್ಕನ ಮುಖ ನೋಡಿ ಗೆಲುವಾದರು ಎಂದು ಅಮ್ಮನೂ ಹಿಗ್ಗಿದಳು. ವಾರ ತುಂಬುವ ಮೊದಲೇ ಅಪ್ಪನಿಗೆ ಮಲಗಿದರೆ ಉಸಿರು ಸಿಗದಾಯಿತು. ಆಸ್ಪತ್ರೆಗೆ ಸೇರಿಸಿದೆವು.

ಸುದ್ದಿ ಕೇಳಿ ಓಡಿಬಂದ ಅತ್ತೆಗೆ ಅಮ್ಮ, "ಉಪ್ಪಿನ ಹರಳು ಸೋಕ್ಸಿಲ್ಲ ಅತ್ತಿಗೆ, ಹೆಂಗಾಯ್ತೋ," ಎಂದಳು.

ಅತ್ತೆ ಅಮ್ಮನ ಕೈ ಹಿಡಿದುಕೊಂಡಳು. "ಆ ಬಾಟ್ಲಿಗೆ ನಾನೇ ಒಂದು ಮುಷ್ಟಿ ಹಾಕಿದ್ದೆ ಮಾರಾಯ್ತಿ. ಹೋಳು ನೀರೇ ಬಿಟ್ಟಿರ್ಲಿಲ್ಲ. ಚಿಂತೇಲಿ ಮರ್ತಿದೀಯ ಅಂದ್ಕೊಂಡೆ. ದಣಿದವಳಿಗೆ ಎತ್ತಿ ಆಡೋದು ಬೇಡ ಅಂತ ಹೇಳ್ಲಿಲ್ಲ."

ಸಾರು ಪಲ್ಯಕ್ಕೆ ಪಥ್ಯವೆಂದು ಅವಳಿಗೆ ಗೊತ್ತಿತ್ತು. ಉಪ್ಪಿನಕಾಯಿಯನ್ನೂ ಸಪ್ಪೆ ಹಾಕುವವರಿದ್ದಾರೆ ಎಂಬುದು ಅವಳ ಊಹೆಗೆ ಮೀರಿದ್ದು, ಆ ಬಾಟಲಿ ಮನೆಮಂದಿಗೆಲ್ಲ ಎಂದೇ ತಿಳಿದಿದ್ದಳು. ಅವಳ ಜಾಗದಲ್ಲಿ ನಮ್ಮ ಕಡೆಯ ಯಾವ ಹೆಂಗಸಿದ್ದರೂ ಅದನ್ನೇ ಮಾಡುತ್ತಿದ್ದಳು.

"ಅಕ್ಕನ್ನ ಎಂತ ಅನ್ಬೇಡ," ಎಂದ ಅಪ್ಪ ಮಂಚದಿಂದ. "ನಂಗೆ ಮೊದಲ್ನೇ ತುತ್ತಿಗೇ ಗೊತ್ತಾಗಿತ್ತು."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀ ತೆಗ್ದು ಚೆಲ್ತಿದ್ದೆ."

ಅಮ್ಮ ಸಿಟ್ಟು ಮಾಡಲಿಲ್ಲ. "ಹಂಗಾದ್ರೆ ನಿಮ್ಮ ಪಥ್ಯ ನಾನೊಬ್ಳೇ ಕಾಯ್ತಾ ಇದ್ದೆ," ಎಂದು ಸ್ಟೂಲಿನ ಮೇಲೆ ಕೂತಳು. ಅವಳಿಗೆ ವಯಸ್ಸಾದದ್ದು ನನ್ನ ಕಣ್ಣಿಗೆ ಬಿದ್ದದ್ದು ಆಗಲೇ.

ಅಪ್ಪ ಮನೆಗೆ ಬಂದ. ಅಮ್ಮ ಮತ್ತೆ ಸಪ್ಪೆ ಬಾಟಲಿ ತುಂಬಿದಳು, ಅವನು ಗೊಣಗದೆ ತಿಂದ. ಮುಂದಿನ ಮಳೆಗಾಲ ಅವನು ಕಾಣಲಿಲ್ಲ.

ಈಗ ಆ ದಾರಿಯ ಬಸ್ಸಿನಲ್ಲಿ ನಮಗೆ ಸೂಜಿಮೆಣಸು ಕಳಿಸುವವರಿಲ್ಲ, ಡ್ರೈವರುಗಳ ಗುರುತಿಲ್ಲ. ಅಮ್ಮ ನನ್ನ ಜೊತೆಗಿದ್ದಾಳೆ. ನನಗೂ ಕೆಲಸ ಮುಗಿಸಿ ಬರುವಷ್ಟರಲ್ಲಿ ಸುಸ್ತು, ಆದರೂ ಬೇಸಿಗೆಗೊಮ್ಮೆ ಮಾವಿನಕಾಯಿ ತಂದು ಹೆಚ್ಚಿಕೊಡುತ್ತೇನೆ, ಅವಳು ಕಲೆಸುತ್ತಾಳೆ.

"ಉಪ್ಪು ಹಾಕಮ್ಮ, ಈಗ ಯಾರಿಗೆ ಪಥ್ಯ?" ಎಂದರೆ, "ಕೈ ಬರಲ್ಲ ಕಣೆ," ಎನ್ನುತ್ತಾಳೆ.

ನಾನೂ ಒತ್ತಾಯಿಸುವುದಿಲ್ಲ. ಇಬ್ಬರೂ ಅದನ್ನೇ ನೆಂಚಿಕೊಂಡು ಮಜ್ಜಿಗೆ ಅನ್ನ ಉಣ್ಣುತ್ತೇವೆ. ಬರೀ ಖಾರ.